ಎಡಗೈಯ ಗೀರುಗಳು

ಚಿಕ್ಕೋಡಿಯ ನಮ್ಮ ಶಾಲೆಯಲ್ಲಿ ಮೂರನೇ ತರಗತಿಯ ಮಕ್ಕಳು ಚಿತ್ರ ಬಿಡಿಸುವ ಮೊದಲು ಒಟ್ಟಿಗೆ ಕೂತು ಪೆನ್ಸಿಲ್ ಚೂಪು ಮಾಡುತ್ತಾರೆ. ಕಟ್ಟಿಗೆಯ ಸಿಪ್ಪೆಯದೂ ಕಪ್ಪು ಸೀಸದ ಪುಡಿಯದೂ ಕೂಡಿದ ಒಂದು ವಾಸನೆ ಕೋಣೆಯ ತುಂಬ ಏಳುತ್ತದೆ. ಜತೆಯ ಶಿಕ್ಷಕಿಯರು ಮೂಗು ಅರಳಿಸಿ, ಸಣ್ಣವರಿದ್ದಾಗಿನದು ನೆನಪಾಯಿತು ಎಂದು ನಗುತ್ತಾರೆ. ನನಗೂ ನೆನಪಾಗುತ್ತದೆ, ಆದರೆ ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಆರದ ಸಿಟ್ಟು. ಆ ವಾಸನೆ ನನ್ನನ್ನು ಶಾಲೆಗೆ ಒಯ್ಯುವುದಿಲ್ಲ, ಅಲಖನೂರಿನ ನಮ್ಮ ಮನೆಯ ಕಾಳಿನ ಕೋಣೆಯ ಬಾಗಿಲಿಗೆ ಒಯ್ದು ನಿಲ್ಲಿಸುತ್ತದೆ. ಅಲ್ಲಿ ಒಂದು ಹಿತ್ತಾಳೆಯ ಬೀಗ ತೂಗುತ್ತಿತ್ತು. ಅದನ್ನು ಕೆಡಿಸಿದವಳು ನಾನು. ಅದರ ಶಿಕ್ಷೆ ಉಂಡವಳು ಬೇರೆ.

ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ನನ್ನ ದೊಡ್ಡಪ್ಪನ ಮಗ ಕಟ್ಟಿಸಿದ ಗುಲಾಬಿ ಬಣ್ಣದ ಮನೆಯಿದೆ, ಬಾಗಿಲಿಗೆ ಗುಂಡಿ ಒತ್ತಿದರೆ ತೆರೆಯುವ ಬೀಗವಿದೆ. ನಮ್ಮದು ಮಣ್ಣಿನ ಗೋಡೆಯ, ತೊಲೆಗಳೆಲ್ಲ ಹೊಗೆ ಕುಡಿದು ಕಪ್ಪಾಗಿದ್ದ ಮನೆ. ಕಬ್ಬಿನ ಹಂಗಾಮಿನಲ್ಲಿ ಗಾಣದ ಕಡೆಯಿಂದ ಬರುವ ಬಿಸಿ ಬೆಲ್ಲದ ವಾಸನೆ ಗೋಡೆಯೊಳಗೆ ಇಳಿದು, ಮಳೆಗಾಲದಲ್ಲಿ ಹೊರಗೆ ಬರುತ್ತಿತ್ತು ಎಂದು ನನಗೆ ಆಗ ಅನ್ನಿಸುತ್ತಿತ್ತು. ಮನೆಯ ಯಜಮಾನಿಕೆ ಆಯಿಯದು, ಎಂದರೆ ನನ್ನ ಅಪ್ಪನ ತಾಯಿಯದು. ಅಪ್ಪ, ಅವ್ವ, ದೊಡ್ಡಪ್ಪ, ಅಪ್ಪನ ತಮ್ಮನಾದ ಕಾಕಾ ಎಲ್ಲರೂ ಇದ್ದರು. ಆಯಿಯ ಮುಂದೆ ಎಲ್ಲರೂ ಇದ್ದೂ ಇಲ್ಲದವರೇ. ಹೊಲದಲ್ಲಿ ಹತ್ತು ಆಳಿಗೆ ಕೇಳುವಂತೆ ಕೂಗುತ್ತಿದ್ದ ನನ್ನ ಅಪ್ಪ ಪಡಸಾಲೆಗೆ ಕಾಲಿಟ್ಟೊಡನೆ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ. ಕಾಕಾನ ಹೆಂಡತಿ ಸುನಂದಾ ಕಾಕೂ ತೆಲಸಂಗದವಳು, ಮದುವೆಯಾಗಿ ಮೂರು ವರ್ಷವಾಗಿತ್ತು. ಆಯಿ ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಯಾವಾಗಲೂ ‘ತೆಲಸಂಗದಾಕಿ’. ಮಳೆ ಕಾಣದ ಊರಿನವಳು ಕೃಷ್ಣೆಯ ನೀರಿನ ಮನೆಗೆ ಬಂದದ್ದೇ ಪುಣ್ಯ ಎನ್ನುವ ದನಿ ಆ ಒಂದು ಶಬ್ದದಲ್ಲಿ ಇರುತ್ತಿತ್ತು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಉಳಿದ ಮನೆಗಳಲ್ಲಿ ಸಣ್ಣ ಮಕ್ಕಳಿಗೆ ಅಷ್ಟಿಷ್ಟು ಸಡಿಲು ಇತ್ತು. ನಮ್ಮ ಆಯಿ ಮಳೆಗಾಲದ ನಾಲ್ಕು ತಿಂಗಳು ಇಡೀ ಮನೆಯ ಪರವಾಗಿ ತಾನೇ ನಿಯಮ ಹಿಡಿಯುತ್ತಿದ್ದಳು. ಸೂರ್ಯ ಕಬ್ಬಿನ ಗರಿಗಳ ಹಿಂದೆ ಇಳಿದನೋ, ಅಡುಗೆಮನೆ ಸಾರಿಸಿ, ಕಾಳಿನ ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ, ಬೀಗದ ಕೈಗೆ ಕೀಲಿಕೈ. ಆ ಕೀಲಿ ಬೀಳುವ ‘ಟಕ್’ ಸದ್ದು ಕೇಳಿದರೆ ಸಾಕು, ನನ್ನ ಹೊಟ್ಟೆಯಲ್ಲಿ ಹಸಿವು ಎದ್ದು ಕೂರುತ್ತಿತ್ತು. ಅದಕ್ಕೆ ಮೊದಲು ತಾಟಿನ ಮುಂದೆ ಕೂತಾಗ ಹಸಿವೇ ಇರುತ್ತಿರಲಿಲ್ಲ. ಅಂಗಳದಲ್ಲಿ ಗೆಳತಿಯರು ಕೂಗುತ್ತಿರುವಾಗ ಯಾರಿಗೆ ರೊಟ್ಟಿ ಬೇಕು? ಕಾಕೂ ಒಬ್ಬಳೇ ನನ್ನ ಬೆನ್ನಿಗೆ ಬೀಳುತ್ತಿದ್ದಳು. “ಪಮ್ಮೀ, ಇನ್ನೊಂದ ಅರ್ಧಾ ರೊಟ್ಟಿ ಉಣ್ಣ. ಆಮ್ಯಾಲೆ ಹಸಿವಿ ಆಗತೈತಿ,” ಎಂದು ಅರ್ಧ ರೊಟ್ಟಿ ಹಿಡಿದು ಬಾಗಿಲ ತನಕ ಬರುತ್ತಿದ್ದಳು. ನಾನು ಅಷ್ಟರಲ್ಲಿ ಓಡಿಬಿಟ್ಟಿರುತ್ತಿದ್ದೆ.

ನಾನು ಎಡಚಿ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ಮನೆಗೆ ಇದು ಗೊತ್ತಿತ್ತು ಎನ್ನುವುದನ್ನು ನೀವು ಮರೆಯಬಾರದು. ಎಡಗೈಯಲ್ಲಿ ತುತ್ತು ಎತ್ತಿದ್ದಕ್ಕೆ ಆಯಿಯಿಂದ ನಾನು ತಿಂದ ಏಟುಗಳಿಗೆ ಲೆಕ್ಕವಿಲ್ಲ. ಒಂದು ಬೇಸಿಗೆಯಿಡೀ ಊಟದ ಹೊತ್ತಿಗೆ ನನ್ನ ಎಡಗೈಯನ್ನು ಹಳೆ ಸೀರೆಯ ಅಂಚಿನಿಂದ ಬೆನ್ನಿಗೆ ಕಟ್ಟುತ್ತಿದ್ದಳು. ಓಣಿಯ ಹೆಂಗಸರು ಬಂದು ನೋಡಿ ನಕ್ಕು ಹೋಗುತ್ತಿದ್ದರು.

ಆ ವರ್ಷದ ಮಳೆಗಾಲದ ಮೊದಲಿಗೆ ಆಯಿಯ ಕೀಲಿಕೈ ನೀರು ಸೇದುವಾಗ ಸೊಂಟದಿಂದ ಜಾರಿ ಬಾವಿಗೆ ಬಿತ್ತು. ರಾಯಬಾಗದ ಸಂತೆಯಲ್ಲಿ ಬೀಗ ದುರಸ್ತಿಗೆ ಕೂರುತ್ತಿದ್ದ ಇಮಾಮಸಾಬನನ್ನು ಕರೆಸಿದರು. ತೆಳ್ಳಗಿನ, ಕಣ್ಣಿಗೆ ದಪ್ಪ ಚಾಳೀಸು ಹಾಕುತ್ತಿದ್ದ ಮುದುಕ. ಅವನು ಬೀಗವನ್ನು ಕೂಡಲೇ ಮುಟ್ಟಲಿಲ್ಲ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಎಲೆ ಅಡಿಕೆ ಅಗಿದು ಮುಗಿಸಿದ. ಆಮೇಲೆ ಜೇಬಿನಿಂದ ಪೆನ್ಸಿಲಿನ ಮೋಟು ತೆಗೆದು, ಅದರ ಸೀಸವನ್ನು ಚಾಕುವಿನಿಂದ ಹೆರೆದು, ಒಳಗೆ ಸಲೀಸಾಗಲೆಂದು ಆ ಕಪ್ಪು ಪುಡಿಯನ್ನು ಬೀಗದ ಕಿಂಡಿಗೆ ಊದಿದ. ಒಂದು ತಂತಿಯಿಂದ ತುಸುವೇ ಒತ್ತಿ ಹಿಡಿದ, ಇನ್ನೊಂದರಿಂದ ಒಳಗಿನ ಪಟ್ಟಿಗಳನ್ನು ಒಂದೊಂದಾಗಿ ಎತ್ತಿದ. ಕಣ್ಣು ಮುಚ್ಚಿದ್ದ. ಬೀಗ ತಾನಾಗಿ ಬಾಯಿ ತೆರೆಯಿತು. ಆಯಿಗೆ ಹೊಸ ಕೀಲಿಕೈ ಮಾಡಿಕೊಟ್ಟು ಅವನು ಹೋದ. ಅವನ ಮೊಣಕಾಲಿಗೆ ಅಂಟಿಕೊಂಡಂತೆ ಕೂತು ನೋಡಿದ್ದ ನನಗೆ, ಇಷ್ಟೇ ಏನು, ಎರಡು ತಂತಿ ಇದ್ದರಾಯಿತು ಅನ್ನಿಸಿತು. ಒಂಬತ್ತು ವರ್ಷದವಳ ತಲೆ!

ನಾನು ಮಾಡದ ತಪ್ಪಿಲ್ಲ. ಈಗ ಒಂದೊಂದನ್ನೂ ನೆನೆದು ನನ್ನ ಕೈಯನ್ನೇ ಹೊಡೆದುಕೊಳ್ಳುವಂತೆ ಆಗುತ್ತದೆ. ಕಲಿಯುವವರು ಯಾವುದಾದರೂ ಕೆಟ್ಟ ಬೀಗ, ಬೇಡದ ಬೀಗ ಹಿಡಿದುಕೊಳ್ಳಬೇಕು. ನಾನು ಹಿಡಿದದ್ದು ದಿನಾ ಮುಂಜಾನೆ ಇಡೀ ಮನೆಯ ಹೊಟ್ಟೆ ಕಾಯುತ್ತಿದ್ದ ಬೀಗವನ್ನು. ಒತ್ತಿ ಹಿಡಿಯುವುದಕ್ಕೆ ಮುರಿದ ಕೊಡೆಯ ಕಡ್ಡಿ ತಂದೆ, ಪಟ್ಟಿ ಎತ್ತುವುದಕ್ಕೆ ಕಾಕೂನ ತಲೆಯ ಪಿನ್ನುಗಳನ್ನು ಒಂದೊಂದಾಗಿ ಕದ್ದೆ. ಇಮಾಮಸಾಬ ತುಸುವೇ ಒತ್ತಿದ್ದನ್ನು ನಾನು ಹಲ್ಲು ಕಚ್ಚಿ ಒತ್ತುತ್ತಿದ್ದೆ. ಬೀಗ ಹಟ ಮಾಡುತ್ತಿದೆ ಎಂದು ನನಗೂ ಹಟ. ಪಿನ್ನು ಜಾರಿ ಜಾರಿ ಕಿಂಡಿಯ ಸುತ್ತ ಬೆಳ್ಳಗೆ ಗೀರು ಬಿದ್ದವು. ಒಳಗೆ ಬಿಗಿಯಾಯಿತು ಅನ್ನಿಸಿದಾಗ ದೀಪದ ಬುಡದಲ್ಲಿದ್ದ ಶೇಂಗಾ ಎಣ್ಣೆ ಬಿಟ್ಟೆ. ಎಂಥ ಜಾಣತನ! ಕಾಳಿನ ಕೋಣೆಯ ಬಾಗಿಲು, ಗಾಳಿಯಲ್ಲೆಲ್ಲ ಜೋಳದ ಹಿಟ್ಟಿನ ಧೂಳು. ಎಣ್ಣೆಗೆ ಹಿಟ್ಟು ಕೂತು ಒಳಗೆ ಜಿಗುಟು ಕಟ್ಟಿತು. ಬಿಗಿಯಾದಷ್ಟೂ ಇನ್ನೂ ಎಣ್ಣೆ ಬಿಟ್ಟೆ. ಆದರೂ ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಸಂಜೆ ಆ ಬೀಗ ತೆರೆದುಕೊಂಡಿತು. ಅದು ನನ್ನ ಜಾಣತನದಿಂದಲ್ಲ, ಒಳಗಿನ ಒಂದು ಪಟ್ಟಿ ಬಾಗಿದ್ದರಿಂದ ಎಂದು ನನಗೆ ಆಗ ಹೇಗೆ ಗೊತ್ತಾಗಬೇಕು? ನಾನು ಗೆದ್ದೆ ಎಂದು ಕುಣಿದೆ. ಕತ್ತಲ ಕೋಣೆಯಲ್ಲಿ ನಿಂತು ಒಣಗಿಸಿಟ್ಟ ಕಟಿ ರೊಟ್ಟಿಗೆ ಶೇಂಗಾ ಚಟ್ನಿ ಒತ್ತಿಕೊಂಡು ತಿಂದೆ. ಅಷ್ಟು ರುಚಿಯಾದದ್ದನ್ನು ಆಮೇಲೆ ಜನ್ಮದಲ್ಲಿ ತಿಂದಿಲ್ಲ, ಸುಳ್ಳು ಯಾಕೆ ಹೇಳಲಿ.

ಸಂಜೆ ಎಲ್ಲರೂ ಆರತಿಗೆ, ಶಾಸ್ತ್ರ ಕೇಳುವುದಕ್ಕೆ ಬಸದಿಗೆ ಹೋಗುತ್ತಿದ್ದರು. ಅದೇ ನನ್ನ ಹೊತ್ತು. ಒಮ್ಮೆ ತೆರೆದ ಮೇಲೆ ಬೀಗ ಆಗಾಗ ತೆರೆಯುತ್ತಿತ್ತು. ಭಾದ್ರಪದದ ಪರ್ವದ ದಿನಗಳು ಬಂದವು, ಆಯಿ ಎರಡು ದಿನ ಬರೀ ನೀರಿನ ಮೇಲೆ ಉಪವಾಸವಿದ್ದಳು. ಎರಡನೆಯ ದಿನ ಸಂಜೆ ನಾನು ಹೊಟ್ಟೆನೋವು ಎಂದು ಮನೆಯಲ್ಲಿ ಉಳಿದೆ. ಕಾಕೂ ಎಮ್ಮೆ ಹಿಂಡುವುದಕ್ಕೆಂದು ಹಿತ್ತಲಲ್ಲಿದ್ದಳು. ಬೀಗ ತೆರೆದು, ರೊಟ್ಟಿ ಡಬ್ಬಿಯ ಮುಚ್ಚಳ ತೆಗೆದು ಎರಡು ತುತ್ತು ತಿಂದಿದ್ದೆ, ಅಂಗಳದಲ್ಲಿ ದೊಡ್ಡಪ್ಪನ ಕೆಮ್ಮು ಕೇಳಿಸಿತು. ಅಂಜಿ ಹೊರಗೆ ಬಂದು ಬೀಗ ಒತ್ತಿಬಿಟ್ಟೆ. ಪಿನ್ನು ಇನ್ನೂ ಒಳಗೇ ಇತ್ತು. ಜಗ್ಗಿದೆ, ತುದಿ ಮುರಿದು ಒಳಗೆ ಉಳಿಯಿತು. ಉಳಿದ ಅರ್ಧ ಪಿನ್ನನ್ನು ಬಾಯಲ್ಲಿಟ್ಟುಕೊಂಡು ಹಾಸಿಗೆಗೆ ಹೋಗಿ ಮುಸುಕು ಎಳೆದೆ.

ಮರುದಿನ ಮುಂಜಾನೆ ಆಯಿಯ ಪಾರಣೆ. ಉಪವಾಸ ಬಿಡಿಸುವುದಕ್ಕೆ ಓಣಿಯ ಹೆಂಗಸರೆಲ್ಲ ಬಂದು ಪಡಸಾಲೆಯಲ್ಲಿ ಕೂತಿದ್ದರು. ಬೇಕಾದ್ದೆಲ್ಲ ಕಾಳಿನ ಕೋಣೆಯಲ್ಲಿತ್ತು. ಕೀಲಿಕೈ ಅರ್ಧಕ್ಕಿಂತ ಒಳಗೆ ಹೋಗಲಿಲ್ಲ. ಬೇರೆ ಮನೆಯವರು ಹಾಲು, ಹೆಸರು ಬೇಳೆ ತಂದುಕೊಡುತ್ತೇವೆ ಎಂದರು. ಆಯಿ ಒಲ್ಲೆನೆಂದಳು. ಇಮಾಮಸಾಬ ಬರುವ ಹೊತ್ತಿಗೆ ಬಿಸಿಲು ಏರಿತ್ತು, ಎರಡು ದಿನ ಉಂಡಿರದ ಆಯಿ ಕಂಬಕ್ಕೆ ಒರಗಿ ಕೂತಿದ್ದಳು, ತುಟಿ ಒಣಗಿ ಬೆಳ್ಳಗಾಗಿತ್ತು. ಅವಳನ್ನು ನೆನೆದು ಆ ಒಂದು ಗಳಿಗೆಗೆ ಮಾತ್ರ ನನಗೆ ಈಗಲೂ ಕರುಳು ಚುರ್ ಎನ್ನುತ್ತದೆ. ಅದರ ಮುಂದಿನ ಗಳಿಗೆಗೆ ಇಲ್ಲ.

ಇಮಾಮಸಾಬ ಚಿಮಟಿಗೆಯಿಂದ ಪಿನ್ನಿನ ತುದಿ ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡ. ಬಾಗಿಲು ತೆರೆದರೆ ಡಬ್ಬಿಯ ಬಾಯಿ ತೆರೆದಿತ್ತು, ನೆಲದ ಮೇಲೆ ಚಟ್ನಿ ಚೆಲ್ಲಿತ್ತು. ಪಡಸಾಲೆಯಲ್ಲಿ ಪಿಸುಪಿಸು ಎದ್ದಿತು. ನಿಯಮ ಹಿಡಿದ ಮನೆಯಲ್ಲಿ, ಉಪವಾಸದ ದಿನ, ಹೊತ್ತು ಮುಳುಗಿದ ಮೇಲೆ ಯಾರೋ ಉಂಡಿದ್ದಾರೆ. ಇಮಾಮಸಾಬ ಬೀಗವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. “ಕಳ್ಳರ ಕೆಲಸ ಅಲ್ರಿ ಇದು. ಕಲಿಯೂವರ ಕೈ. ಗೀರೆಲ್ಲಾ ಒಂದ ಬದಿಗೆ ಬಿದ್ದಾವ ನೋಡ್ರಿ. ಎಡಗೈಲೇ ಆಡಿಸ್ಯಾರ,” ಎಂದ.

ಎಡಗೈ. ಎಲ್ಲರೂ ನನ್ನ ಕಡೆ ನೋಡಿದರು. ಅಪ್ಪ ನೋಡಿದ, ಅವ್ವ ನೋಡಿದಳು, ಕಾಕಾ ನೋಡಿದ. ಬೇಸಿಗೆಯಿಡೀ ನನ್ನ ಕಟ್ಟಿದ ಕೈ ನೋಡಿ ನಗುತ್ತಿದ್ದ ಹೆಂಗಸರೂ ನೋಡಿದರು. ನಾನು ಕೈಯನ್ನು ಲಂಗದ ಹಿಂದೆ ಬಚ್ಚಿಟ್ಟೆ. ಆಯಿಯೂ ನೋಡಿದಳು. ಆಮೇಲೆ ಇಮಾಮಸಾಬನ ಅಂಗೈಯಲ್ಲಿದ್ದ ಪಿನ್ನಿನ ತುದಿ ನೋಡಿದಳು.

“ನೀ ಕೀಲಿ ಅಷ್ಟ ನೋಡು ಸಾಬಾ. ಮನಿ ಮಾತು ನಿನಗ್ಯಾಕ?” ಎಂದಳು. ಆಮೇಲೆ ತುದಿಯನ್ನು ಎತ್ತಿ ಹಿಡಿದು, “ಈ ಮನ್ಯಾಗ ತಲಿಗೆ ಪಿನ್ನ ಹಾಕ್ಕೊಳ್ಳೂದು ಒಬ್ಬಾಕಿನ. ನಿನ್ನಿ ಸಂಜೀಕ ಮನ್ಯಾಗ ಉಳದಾಕೀನೂ ಆಕೀನ,” ಎಂದಳು.

ನಾನೂ ಉಳಿದಿದ್ದೆನಲ್ಲ! ಯಾರೂ ಅದನ್ನು ಎತ್ತಲಿಲ್ಲ. ಯಾಕೆ ಎನ್ನುವುದು ನನಗೆ ದೊಡ್ಡವಳಾದ ಮೇಲೆ ತಿಳಿಯಿತು, ತಿಳಿದ ಮೇಲೆ ಇನ್ನೂ ಉರಿಯಿತು. ಮೊಮ್ಮಗಳು ನಿಯಮ ಮುರಿದರೆ ಆ ಮೈಲಿಗೆ ಮನೆಯ ರಕ್ತದ್ದು. ಸೊಸೆ ಮುರಿದರೆ ತೆಲಸಂಗದ್ದು. ಹೊರಗಿನಿಂದ ಬಂದದ್ದನ್ನು ಹೊರಗೆ ಹಾಕಿದರೆ ಮನೆ ಮತ್ತೆ ಶುದ್ಧ. ಓಣಿಯ ಹೆಂಗಸರ ಮುಂದೆ ಆಯಿಗೆ ಅದೇ ಬೇಕಿತ್ತು. ಕಾಕೂ ಹಿತ್ತಲ ಬಾಗಿಲಲ್ಲಿ ಹಾಲಿನ ಚರಿಗೆ ಹಿಡಿದು ನಿಂತಿದ್ದಳು. “ನಾ ಅಲ್ರಿ,” ಎಂದಳು, ಒಂದೇ ಸಲ. ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಮುಖದಲ್ಲಿ ಏನು ಕಂಡಿತೋ, ಬಾಯಿ ಮುಚ್ಚಿದಳು.

ಇಮಾಮಸಾಬ ಹೊರಡುವಾಗ ನಾನು ಅಂಗಳದ ತುದಿಯಲ್ಲಿ ಬೇವಿನ ಗಿಡಕ್ಕೆ ಆತುಕೊಂಡಿದ್ದೆ. ಅವನು ನಿಂತ, ಬೈಯಲಿಲ್ಲ. “ತಂಗೀ, ಕೀಲಿ ಜೋಡಿ ಕುಸ್ತಿ ಆಡಬಾರದವಾ. ಒತ್ತಿದಷ್ಟೂ ಅದು ಒಳಗಿಂದೊಳಗ ಬಾಗತೈತಿ. ಎಣ್ಣಿ ಅಂತೂ ಹಾಕಲೇಬಾರದು,” ಎಂದ. ಆಮೇಲೆ ಮನೆಯ ಕಡೆ ನೋಡಿ, “ಮಂದಿ ದಿನಾ ಬದುಕೂ ಕೀಲಿ ಮ್ಯಾಲ ಕಲೀಬಾರದು,” ಎಂದ. ತನ್ನ ಪೆನ್ಸಿಲಿನ ಮೋಟನ್ನು ನನ್ನ ಎಡಗೈಯಲ್ಲಿಟ್ಟು ಹೋದ. ಅವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ನಾನು ಹೇಳಿದೆ, ಇಲ್ಲವೆನ್ನುವುದಿಲ್ಲ. ಮಧ್ಯಾಹ್ನ ಆಯಿ ಜಪಕ್ಕೆ ಕೂತಾಗ ಹೋಗಿ, “ಆಯಿ, ಕೀಲಿ ಕೆಡಿಸಿದಾಕಿ ನಾನು,” ಎಂದೆ. ಅವಳ ಬೆರಳು ಮಣಿಯ ಮೇಲೆ ನಿಂತಿತು. “ಸುಳ್ಳ ಹೇಳಬ್ಯಾಡ. ಆಕಿ ನಿನಗ ಹಿಂಗ ಹೇಳಂತ ಕಲಿಸಿ ಕೊಟ್ಟಾಳ,” ಎಂದು ಮತ್ತೆ ಮಣಿ ಎಣಿಸಿದಳು. ನಾನು ಎದ್ದು ಬಂದೆ. ಹೇಳಿದ್ದೆನಲ್ಲ ಎಂದು ಎಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ! ಕೋಣೆಯ ಮೂಲೆಯಲ್ಲಿ ಒಮ್ಮೆ ಗುನುಗುಟ್ಟಿದ್ದು ಹೇಳಿದ ಹಾಗೆಯೇ? ಪಡಸಾಲೆಯಲ್ಲಿ ನಿಂತು ಎಡಗೈ ಎತ್ತಿ ಕೂಗಬೇಕಿತ್ತು. ಏಟಿಗೆ ಅಂಜಿದೆ. ಅಷ್ಟೇ.

ಉಳಿದ ಮಳೆಗಾಲ ತವರಿನಲ್ಲಿರಲಿ ಎಂದು ಕಾಕೂನನ್ನು ತೆಲಸಂಗಕ್ಕೆ ಕಳಿಸಿದರು. ಹೀಗೆ ಕಳಿಸಿದ ಸೊಸೆ ತಾನಾಗಿ ತಿರುಗಿ ಬರುವಂತಿಲ್ಲ. ಗಂಡನ ಮನೆಯವರು ಹೋಗಿ ಕುಂಕುಮ ಹಚ್ಚಿ, ಸೀರೆ ಕೊಟ್ಟು ಕರೆತರಬೇಕು. ದೀಪಾವಳಿಗೆ ಯಾರೂ ಹೋಗಲಿಲ್ಲ. ಸಂಕ್ರಮಣಕ್ಕೂ ಹೋಗಲಿಲ್ಲ. ಕರೆಯುವುದಕ್ಕೆ ಬಂದರೆ ಕಳಿಸುತ್ತೇವೆ ಎಂದು ಅವಳ ಅಣ್ಣ ಹೇಳಿ ಕಳಿಸಿದ. ತಪ್ಪು ಒಪ್ಪಿಕೊಂಡರೆ ಕರೆಯುತ್ತೇವೆ ಎಂದು ಆಯಿ ಹೇಳಿ ಕಳಿಸಿದಳು. ಮಾಡದ ತಪ್ಪನ್ನು ಕಾಕೂ ಒಪ್ಪಲಿಲ್ಲ. ಆಯಿ ತೀರಿಕೊಂಡ ಮೇಲಾದರೂ ಕಾಕಾ ಒಂದು ಬಸ್ಸು ಹತ್ತಬಹುದಿತ್ತು. ಅಥಣಿ ದಾಟಿದರೆ ತೆಲಸಂಗ, ಅದೇನು ಕಾಶಿಯೇ? ಅವನು ಹತ್ತಲಿಲ್ಲ, ಇನ್ನೊಂದು ಮದುವೆಯನ್ನೂ ಆಗಲಿಲ್ಲ. ಊರವರು ಅದನ್ನು ದೊಡ್ಡ ಗುಣವೆಂದು ಹೊಗಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮದುವೆಮನೆಗಳಲ್ಲಿ ಕಾಕೂ ದೂರದಿಂದ ಕಂಡರೆ ನಾನು ತಲೆ ತಗ್ಗಿಸಿ ಬೇರೆ ಪಂಕ್ತಿಗೆ ಹೋಗುತ್ತಿದ್ದೆ. ಹೊಗಳಿಸಿಕೊಳ್ಳುವಂಥ ಗುಣ ನನಗೂ ಇರಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡ. ಕಾಕೂಗೆ ಸುದ್ದಿ ಮುಟ್ಟಿಸಿದ್ದು ಮೂರನೆಯ ದಿನ, ಅದೂ ಯಾರಿಗೋ ನೆನಪಾಗಿ. ಹಳೆಯ ಮನೆ ಕೆಡವುವ ಮೊದಲು ಸಾಮಾನು ಹಂಚಿಕೊಳ್ಳುವುದಕ್ಕೆ ಎಲ್ಲರೂ ಸೇರಿದೆವು. ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿ ಆ ಬೀಗ ಸಿಕ್ಕಿತು. ಯಾರೋ ಅದನ್ನು ಒತ್ತಿ ಹಾಕಿದ್ದರು. ದೊಡ್ಡಪ್ಪನ ಮಗ ಫೋನನ್ನು ಕಿಟಕಿಗೆ ಆನಿಸಿ, ಬೀಗ ತೆರೆಯುವುದು ಹೇಗೆಂದು ಯಾರೋ ತೋರಿಸುವ ವಿಡಿಯೋ ನೋಡುತ್ತ, ಸ್ಕ್ರೂಡ್ರೈವರ್ ಹಾಕಿ ಮೀಟತೊಡಗಿದ. “ನೋಡ ಅಕ್ಕಾ, ಎರಡ ಮಿನಿಟಿನ್ಯಾಗ ತಗೀತೀನಿ,” ಎಂದ. ಐವತ್ತು ದಾಟಿದ ಮನುಷ್ಯ! ನಾನು ಅದನ್ನು ಅವನ ಕೈಯಿಂದ ಕಸಿದುಕೊಂಡೆ. “ಬಿಡೋ ಮಾರಾಯಾ, ಅದಕ್ಕ ನಾ ಮಾಡಿದ್ದ ಸಾಕಾಗೇತಿ!” ಎಂದು ನಾನು ಕೂಗಿದ್ದಕ್ಕೆ ಎಲ್ಲರೂ ಬೆಚ್ಚಿದರು. ಹಿತ್ತಾಳೆಯ ಬೀಗ ಮಾರಿದರೆ ಏನಾದರೂ ಸಿಗುತ್ತದೆಂದು ಜಗಳ ತೆಗೆದಿದ್ದೇನೆ ಎಂದುಕೊಂಡಿರಬೇಕು. ಕಪ್ಪಾದ ಹಿತ್ತಾಳೆಯ ಮೇಲೆ ಆ ಗೀರುಗಳು ಹಾಗೇ ಇದ್ದವು, ಎಲ್ಲವೂ ಒಂದೇ ಬದಿಗೆ. ಇಷ್ಟು ವರ್ಷ ಆ ಮನೆಯಲ್ಲೇ ಇತ್ತು ಸಾಕ್ಷಿ. ಯಾರಿಗೂ ನೋಡುವುದು ಬೇಕಿರಲಿಲ್ಲ.

ಮರುದಿನವೇ ತೆಲಸಂಗದ ದಾರಿ ಹಿಡಿದೆ. ಅಥಣಿಯಲ್ಲಿ ಬಸ್ಸು ತಪ್ಪಿ, ನಾನು ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಿತ್ತು. ಅಣ್ಣನ ಮನೆಯ ಪಕ್ಕದ ಒಂದು ಕೋಣೆಯಲ್ಲಿ ಕಾಕೂ ಇದ್ದಳು. ಬಾಗಿಲಿಗೆ ಬರೀ ಚಿಲಕ, ಬೀಗ ಹಾಕುವುದಕ್ಕೆ ಕೊಂಡಿಯೇ ಇರಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು, ಒಂದೂ ಪಿನ್ನು ಇರಲಿಲ್ಲ. “ಪಮ್ಮಿ ಅಲ್ಲಾ?” ಎಂದಳು. ನಾನು ಬೀಗವನ್ನು ನೆಲದ ಮೇಲಿಟ್ಟು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಅಳುತ್ತ, ಅಡ್ಡಾದಿಡ್ಡಿಯಾಗಿ ಹೇಳಿದೆ. ಅವಳು ಬೀಗ ಎತ್ತಿಕೊಂಡು ಗೀರುಗಳ ಮೇಲೆ ಬೆರಳಾಡಿಸಿದಳು.

“ಇದೇನ ಹೊಸಾ ಸುದ್ದಿ ಅಲ್ಲವಾ. ನನ್ನ ಪಿನ್ನ ದಿನಾ ಒಂದೊಂದ ಕಡಿಮಿ ಆಗತಿದ್ವು. ಡಬ್ಬ್ಯಾಗಿನ ರೊಟ್ಟಿ ನಿನಗ ಸಿಗಲಿ ಅಂತ ನಾನ ಮ್ಯಾಲ ಇಡತಿದ್ದೆ.”

“ಹಂಗಾರ ಯಾಕ ಹೇಳಲಿಲ್ಲ ಕಾಕೂ? ನನ್ನ ಮ್ಯಾಲ ಸಿಟ್ಟರೆ ಮಾಡು, ಬೈಯಿ!”

“ಸಿಟ್ಟ ಇಲ್ಲಂತ ಯಾರಂದ್ರು?” ಅವಳ ದನಿ ಗಟ್ಟಿಯಾಯಿತು. “ಸಾಬ ಎಡಗೈ ಅಂದಾಗ ನಿಮ್ಮ ಕಾಕಾನೂ ನಿನ್ನ ಕೈ ನೋಡಿದ. ನೋಡಿ, ತಿಳದು, ಸುಮ್ಮನಾದ. ಅದನ್ನ ನಾ ಸಾಯೂತನಕಾ ಮರಿಯೂದಿಲ್ಲ. ಆದ್ರ ನಿನ್ನ ಹೆಸರ ಹೇಳಿದ್ರ ನಿಮ್ಮ ಆಯಿ ನಿನ್ನ ಸುಮ್ಮನ ಬಿಡತಿದ್ಲೇನ? ನಿನಗಾಗ ಒಂಬತ್ತ ವರ್ಷ.”

ಬೀಗವನ್ನು ಗೋಡೆಯ ಗೂಡಿನಲ್ಲಿಟ್ಟು ಅವಳು ಎದ್ದಳು. ಸಾರಿಸಿ ಮುಗಿಸಿದ್ದ ಒಲೆಯ ಕಟ್ಟೆಯ ಮೇಲೆ ಮತ್ತೆ ಹಂಚು ಇಟ್ಟಳು. ಹೊತ್ತು ಮುಳುಗಿದೆ, ಬೇಡ ಎಂದೆ. “ನಿಯಮಾ ನನ್ನದು, ನಿನ್ನ ಹೊಟ್ಟೀದಲ್ಲ. ಈ ಹೊತ್ತಿಗೇ ಅಲ್ಲೇನ ನಿನಗ ಹಸಿವಿ ಆಗೂದು?” ಎಂದು ಹಿಟ್ಟು ನಾದಿದಳು. ಕತ್ತಲಾದ ಮೇಲೆ ಉಂಡಳೆಂದು ಮನೆಯಿಂದ ಹೊರಗೆ ಹಾಕಿಸಿಕೊಂಡವಳು, ಹನಿ ನೀರನ್ನೂ ಬಾಯಿಗೆ ಹಾಕದೆ ನನಗೆ ರೊಟ್ಟಿ ಬಡಿದಳು. ತಾಟು ಇಟ್ಟು, ನೀರಿನ ತಂಬಿಗೆಯನ್ನು ನನ್ನ ಎಡಗೈ ಬದಿಗೆ ಸರಿಸಿದಳು. ನಾನು ಎರಡು ರೊಟ್ಟಿ ಉಂಡು ಸಾಕೆಂದು ಕೈ ಅಡ್ಡ ಹಿಡಿದೆ.

“ಇನ್ನೊಂದ ಅರ್ಧಾ ಉಣ್ಣ ಪಮ್ಮೀ,” ಎಂದಳು, “ಆಮ್ಯಾಲೆ ಹಸಿವಿ ಆಗತೈತಿ.”

ಈ ಸಲ ನಾನು ಎದ್ದು ಓಡಲಿಲ್ಲ.